ಬ್ರೇಕಿಗೆ ಹಚ್ಚಿದ ಎಳ್ಳೆಣ್ಣೆ

"ಈ ವಯಸ್ಸಿಗೆ ಅದೆಲ್ಲ ಬೇಕಿತ್ತಾ?"

ಅಕ್ಕನನ್ನು ನೋಡಲು ಆಸ್ಪತ್ರೆಗೆ ಬಂದವರಲ್ಲಿ ಈ ಮಾತು ಆಡದೆ ಹೋದವರಿಲ್ಲ. ಕೆಲವರು ಅವಳ ಎದುರಿಗೇ ಆಡಿದರು. ಕೆಲವರು ಹೊರಗೆ ಕಾರಿಡಾರಿನಲ್ಲಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದು ಆಡಿದರು. ನಮ್ಮ ದೊಡ್ಡಮ್ಮನ ಸೊಸೆ ಮೂಸಂಬಿ ಸುಲಿದು ಅಕ್ಕನ ಬಾಯಿಗೆ ಒಂದೊಂದೇ ತೊಳೆ ಇಡುತ್ತ, ನಡುನಡುವೆ ಆಡಿದಳು. ಮೊದಲ ದಿನ ಕೇಳಿಸಿಕೊಂಡು ಸುಮ್ಮನಿದ್ದೆ. ಎರಡನೆಯ ದಿನ, "ಬೇಕಿತ್ತು. ಅವಳಿಗೆ ಬೇಕಿತ್ತು, ಅದಕ್ಕೇ ಹೋದಳು" ಎಂದೆ. ಆಕೆ ನನ್ನನ್ನು ನೋಡಿದ ರೀತಿ ನೋಡಿದರೆ, ಪೆಟ್ಟು ನನ್ನ ತಲೆಗೇ ಬಿದ್ದಿದೆಯೆಂದು ತಿಳಿದಂತಿತ್ತು.

ಅಕ್ಕನಿಗೆ ಐವತ್ತನಾಲ್ಕು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಪ್ರತಿ ಭಾನುವಾರ ಬೆಳಗಿನ ಐದೂವರೆಗೆ ಮೈಸೂರಿನ ಲಕ್ಷ್ಮೀಪುರಂನ ಮನೆ ಬಿಟ್ಟು, ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದು, ಎಂಟೂವರೆಗೆಲ್ಲ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿರುತ್ತಾಳೆ. ಅವಳಿಗಿಂತ ಎಂಟು ವರ್ಷ ಚಿಕ್ಕವಳಾದ ನಾನು ಜೊತೆಗೆ ಹೋದರೆ ನಡುದಾರಿಯ ನಂದಿಯ ಹತ್ತಿರ ಕೂತುಬಿಡುತ್ತೇನೆ. ಅವಳು ತುದಿ ಮುಟ್ಟಿ ಬಂದು ನನ್ನನ್ನು ಎಬ್ಬಿಸಿಕೊಂಡು ಇಳಿಯುತ್ತಾಳೆ. ಅವಳ ಬಲಗಾಲು ಈಗ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಒಳಗೆ ಪ್ಲೇಟು, ಸ್ಕ್ರೂ. ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ.

ಮುರಿದವರು ಹೇಳಿದ್ದು, ಅವಳೇ ಮುರಿದುಕೊಂಡಳು ಎಂದು. ಗಾಬರಿಯಾದಳಂತೆ, ಹೇಳಿದಂತೆ ಮಾಡಲಿಲ್ಲವಂತೆ, ವಯಸ್ಸಾಯಿತಲ್ಲ ಅಂತೆ. ಅದು ಸುಳ್ಳೆಂದು ತೋರಿಸುವಂಥದ್ದು ಈ ಊರಿನಲ್ಲಿ ಒಂದೇ ಒಂದು ಇತ್ತು. ನನ್ನ ಫೋನಿನಲ್ಲಿದ್ದ ಇಪ್ಪತ್ತಾರು ಸೆಕೆಂಡಿನ ವಿಡಿಯೋ. ಅದನ್ನು ನಾಲ್ಕು ದಿನ ನಾನು ಯಾರಿಗೂ ತೋರಿಸಲಿಲ್ಲ. ಅದರಲ್ಲಿ ನನ್ನ ದನಿಯೂ ಇತ್ತು.

ದಸರಾ ಬಂತೆಂದರೆ ಮೈಸೂರಿನ ಸುತ್ತ ಖಾಲಿ ಬಿದ್ದ ಜಾಗವೆಲ್ಲ ಆಕರ್ಷಣೆಯಾಗಿಬಿಡುತ್ತದೆ. ಅರಮನೆಯ ದೀಪ, ವಸ್ತುಪ್ರದರ್ಶನ, ಫಲಪುಷ್ಪ ಪ್ರದರ್ಶನ ಇವೆಲ್ಲ ಹಳೆಯವು. ಈಚೆಗೆ ಬಂದವು ಬೇರೆ. ಕೆರೆಯಲ್ಲಿ ಬಣ್ಣದ ದೋಣಿ, ಬಂಡೆ ಹತ್ತುವ ಹಗ್ಗ, ಗದ್ದೆಯ ಬದುವಿನ ಮೇಲೆ ಹಾರಿಸುವ ಜೀಪು. ಇವುಗಳ ಮೇಲೆ ನನಗೆ ದ್ವೇಷವಿಲ್ಲ. ಮನೆಯಿಂದ ಹೊರಗೆ ಬಂದು ಗಾಳಿಯಲ್ಲಿ ಕಿರುಚಿ ನಗಬೇಕೆಂದು ಜನರಿಗೆ ಅನಿಸಿದರೆ ತಪ್ಪೇನು? ನನ್ನ ಸಿಟ್ಟು ಎರಡು ತಿಂಗಳ ಸೀಸನ್ನಿಗೆಂದು ಎಬ್ಬಿಸಿದ ಕಬ್ಬಿಣದ ಮೇಲೆ, ಅದರ ಮೇಲೆ ಜನರನ್ನು ತೂಗುಹಾಕುವ ಧೈರ್ಯದ ಮೇಲೆ.

ಅಕ್ಕ ಬಿದ್ದ ಜಿಪ್‌ಲೈನ್ ಇದ್ದದ್ದು ಬೆಟ್ಟದ ಆಚೆ ಬದಿಯ ಒಂದು ಖಾಸಗಿ ಜಾಗದಲ್ಲಿ. ಒಂದು ಕಲ್ಲುಗುಡ್ಡ, ಅದರ ಕೆಳಗೆ ಕಲ್ಲು ತೆಗೆದು ಬಿಟ್ಟ ದೊಡ್ಡ ಹಳ್ಳ. ಗುಡ್ಡದ ನೆತ್ತಿಯಿಂದ ಹಳ್ಳದ ಮೇಲೆ ಹಾಯ್ದು ಆಚೆ ದಡದ ಕಂಬಕ್ಕೆ ಒಂದು ಉಕ್ಕಿನ ಹಗ್ಗ. ಸೊಂಟಕ್ಕೆ ಪಟ್ಟಿ ಕಟ್ಟಿ, ಹಗ್ಗದ ಮೇಲೆ ಓಡುವ ರಾಟೆಗೆ ನೇತುಹಾಕಿ ಬಿಡುತ್ತಾರೆ. ಜಾರಿಕೊಂಡು ಬರುವವರನ್ನು ಆಚೆ ದಡದಲ್ಲಿ ಒಂದು ಬ್ರೇಕು ತಡೆಯುತ್ತದೆ. ಅದು ಹಗ್ಗವನ್ನು ಕಚ್ಚಿ ಹಿಡಿದಿರುವ ರಬ್ಬರಿನ ಒಂದು ದಿಮ್ಮಿ, ಅಷ್ಟೇ. ರಾಟೆ ಬಂದು ಅದಕ್ಕೆ ತಾಗುತ್ತದೆ, ದಿಮ್ಮಿ ಉಜ್ಜಿಕೊಂಡು ಸ್ವಲ್ಪ ದೂರ ಸರಿಯುತ್ತದೆ, ಉಜ್ಜಿದ್ದಕ್ಕೇ ವೇಗ ಕುಗ್ಗುತ್ತದೆ. ದಿಮ್ಮಿಗೆ ಕಟ್ಟಿದ ಇನ್ನೊಂದು ಹಗ್ಗವನ್ನು ಒಬ್ಬ ಆಳು ಜಗ್ಗಿ ಹಿಡಿದಿರುತ್ತಾನೆ. ಅಷ್ಟೂ ಮೀರಿದರೆ ಕಂಬದ ಮುಂದೆ ಹಳೆಯ ಟೈರುಗಳು.

ಅದರ ಜಾಹೀರಾತು ಪೇಪರಿನ ಮಡಿಕೆಯಲ್ಲಿ ಬಂದಿತ್ತು. ಅಕ್ಕ ಅದನ್ನು ನಾಲ್ಕಾಗಿ ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಿದ್ದಳು.

"ನವರಾತ್ರಿ ಮುಗಿಯೋದ್ರೊಳಗೆ ಹೋಗ್ಬೇಕು ಕಣೇ. ನೀನೂ ಬಾ."

"ನಾನು ಹತ್ತಲ್ಲ."

"ನೀನು ಹತ್ತಿದ್ದು ಸಾಕು ಬಿಡು. ಈ ಸಲ ನಾನು ಮೇಲೆ, ನೀನು ಕೆಳಗೆ."

ಅವಳು ಏನು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ಅಪ್ಪ ಪ್ರತಿ ವರ್ಷ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಕ್ಕ ದೊಡ್ಡವಳಾದ ವರ್ಷ ಅಜ್ಜಿ ಒಂದು ಅಪ್ಪಣೆ ಹೊರಡಿಸಿದರು. ಇನ್ನು ಇವಳು ದೊಡ್ಡ ಚಕ್ರ ಹತ್ತುವ ಹಾಗಿಲ್ಲ, ಲಂಗ ಹಾರುತ್ತದೆ. ಅಲ್ಲಿಂದ ಮುಂದೆ ನಾನು ಅಪ್ಪನ ಪಕ್ಕ ಕೂತು ಮೇಲೆ ಹೋಗುವಾಗ ಅಕ್ಕ ಕೆಳಗೆ ನಮ್ಮ ಚಪ್ಪಲಿ, ಅಮ್ಮನ ಚೀಲ, ಚುರುಮುರಿಯ ಪೊಟ್ಟಣ ಹಿಡಿದುಕೊಂಡು ನಿಂತಿರುತ್ತಿದ್ದಳು. ಮೇಲಿನಿಂದ ನಾನು ಕೈ ಬೀಸುತ್ತಿದ್ದೆ. ಅವಳ ಎರಡೂ ಕೈ ತುಂಬಿರುತ್ತಿದ್ದವು.

ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಜೋರು ಮಾತಿನವರಲ್ಲ. "ಹೋಗೋದಾದ್ರೆ ಹೋಗು, ಊರಿಗೆಲ್ಲ ಹೇಳ್ಕೊಂಡು ಬರ್ಬೇಡ" ಎಂದಿದ್ದರು.

ಹೋದದ್ದು ವಿಜಯದಶಮಿಯ ಬೆಳಿಗ್ಗೆ. ಮಧ್ಯಾಹ್ನ ಜಂಬೂಸವಾರಿಗೆ ರಸ್ತೆಗಳೆಲ್ಲ ಬಂದ್ ಆಗುವ ಮೊದಲು ಮನೆ ಸೇರಬಹುದೆಂಬ ಲೆಕ್ಕ ಅಕ್ಕನದು. ಹಿಂದಿನ ದಿನ ಆಯುಧಪೂಜೆ. ಅಲ್ಲಿಯೂ ಪೂಜೆ ಜೋರಾಗಿಯೇ ಆಗಿತ್ತು. ಗುಡ್ಡದ ಮೇಲೆ, ಜಾರುವವರು ನಿಂತು ಹೊರಡುವ ಕಬ್ಬಿಣದ ಮಂಚಿಕೆಗೆ ಎರಡು ಬಾಳೆಕಂದು ಕಟ್ಟಿದ್ದರು. ರಾಟೆ, ಕೊಕ್ಕೆ, ಪಟ್ಟಿ, ಹೆಲ್ಮೆಟ್ಟು ಎಲ್ಲದರ ಮೇಲೆ ವಿಭೂತಿ, ಕುಂಕುಮ, ಚೆಂಡು ಹೂವು. ಒಡೆದ ಬೂದುಗುಂಬಳದ ಹೋಳು ದಾರಿಯಲ್ಲೇ ಬಿದ್ದಿದ್ದವು. ಆಗಷ್ಟೇ ಪೂಜೆ ಕದಲಿಸಿ, ಆ ದಿನದ ಕೆಲಸ ಶುರು ಮಾಡುವವರಿದ್ದರು.

ನಮ್ಮ ಮುಂದೆ ಹತ್ತು ಹನ್ನೆರಡು ಜನ ಸಾಲಿನಲ್ಲಿದ್ದರು. ಹೆಚ್ಚಿನವರು ಕಾಲೇಜು ಹುಡುಗರು. ಅಕ್ಕ ಚೂಡಿದಾರ್ ಹಾಕಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹಣೆಗೆ ಕುಂಕುಮ ಇಟ್ಟುಕೊಂಡು, ಕೆಲಸದವನನ್ನು ಪ್ರಶ್ನೆ ಕೇಳುತ್ತಿದ್ದಳು. ಎಷ್ಟು ಉದ್ದ, ಎಷ್ಟು ಇಳಿಜಾರು, ಎಷ್ಟು ತೂಕ ತಡೆಯುತ್ತದೆ. ಅವಳ ಶಾಲೆಯ ಮಕ್ಕಳಿಗೆ ಆಮೇಲೆ ಲೆಕ್ಕ ಕೊಡುವುದಕ್ಕೆ.

"ಬೆಳಿಗ್ಗೆ ಮೊದಲು ಏನಾದ್ರೂ ಬಿಟ್ಟು ನೋಡ್ತೀರೇನಪ್ಪ?"

"ದಿನಾ ಮರಳು ಮೂಟೆ ಬುಡ್ತೀವಿ ಅಮ್ಮ. ಅಲ್ಲೇ ಅದೆ ನೋಡಿ. ಇವತ್ತು..." ಅವನು ತಿರುಗಿ ಯಜಮಾನನ ಕಡೆ ನೋಡಿದ.

ಯಜಮಾನ ನಲವತ್ತರ ಆಸುಪಾಸಿನವನು, ಹೊಸ ರೇಷ್ಮೆ ಪಂಚೆ ಉಟ್ಟಿದ್ದ. "ಹಬ್ಬದ ದಿನ ಮೊದ್ಲು ಮೂಟೆ ಬುಡದೇನ್ರೋ? ಹೆಣ ಸಾಗಿಸ್ದಂಗೆ!" ಎಂದು ಆಳುಗಳನ್ನು ನೋಡಿ ನಕ್ಕ. ಆಮೇಲೆ ಸಾಲಿನ ಮೇಲೆ ಕಣ್ಣು ಹಾಯಿಸಿ ಅಕ್ಕನ ಹಣೆಯ ಹತ್ತಿರ ನಿಲ್ಲಿಸಿದ. "ಬನ್ನಿ ತಾಯಿ ಮುಂದಕ್ಕೆ. ಇವತ್ತಿನ ಬೋಣಿ ಮುತ್ತೈದೆ ಕೈಲೇ ಆಗ್ಬೇಕು. ಟಿಕೆಟ್ ಬೇಡ ಕಣಮ್ಮ ನಿಮ್ಗೆ, ಬನ್ನಿ ಬನ್ನಿ."

ಸಾಲಿನಲ್ಲಿದ್ದ ಹುಡುಗರು ಚಪ್ಪಾಳೆ ತಟ್ಟಿದರು. "ಆಂಟಿ ಸೂಪರ್!" ಎಂದು ಯಾರೋ ಕೂಗಿದರು. ಅಕ್ಕನ ಮುಖ ಕೆಂಪಾಯಿತು. ಹಬ್ಬದ ಮೊದಲ ಕೆಲಸಕ್ಕೆ ಮುತ್ತೈದೆಯನ್ನು ಕರೆಯುವುದು ನಮ್ಮ ಕಡೆ ಸಣ್ಣ ಮರ್ಯಾದೆಯಲ್ಲ. ಅಂಗಡಿಯ ತಕ್ಕಡಿ ಎತ್ತಿಸುತ್ತಾರೆ, ಹೊಸ ಬಸ್ಸಿಗೆ ಮೊದಲು ಹತ್ತಿಸುತ್ತಾರೆ. ಮರಳಿನ ಮೂಟೆ ಎರಡು ಹೆಜ್ಜೆ ದೂರದಲ್ಲಿತ್ತು, ಅದಕ್ಕೂ ಕುಂಕುಮ ಇಟ್ಟಿದ್ದರು. ಅದರ ಬದಲಿಗೆ ನನ್ನ ಅಕ್ಕನನ್ನು ಬಿಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಲಿಲ್ಲ. ಅವಳಿಗೆ ಮರ್ಯಾದೆ ಕೊಡುತ್ತಿದ್ದಾರೆಂದು ಹೆಮ್ಮೆಪಟ್ಟೆ. ಆ ಹೆಮ್ಮೆ ನೆನಪಾದರೆ ಈಗ ಮೈ ಉರಿಯುತ್ತದೆ.

"ನೀನು ಆ ಕಡೆ ಹೋಗಿ ವಿಡಿಯೋ ಮಾಡು. ಮುಖ ಬರ್ಬೇಕು, ಬರೀ ಕಾಲಲ್ಲ" ಎಂದಳು ಅಕ್ಕ.

ಹಳ್ಳದ ಅಂಚಿನ ದಾರಿಯಲ್ಲಿ ಐದು ನಿಮಿಷ ನಡೆದು ಆಚೆ ದಡಕ್ಕೆ ಹೋದೆ. ಹೋದ ಕೂಡಲೇ ಮೂಗಿಗೆ ಬಡಿದದ್ದು ಎಳ್ಳೆಣ್ಣೆಯ ವಾಸನೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಆಯುಧಪೂಜೆಯ ದಿನ ಮಾತ್ರ ಕೆಲಸಗಾರರ ಮನೆಯವರನ್ನು ಒಳಗೆ ಬಿಡುತ್ತಿದ್ದರು. ನಾವಿಬ್ಬರೂ ಹೊಸ ಬಟ್ಟೆ ಹಾಕಿಕೊಂಡು ಹೋಗಿ, ತೊಳೆದು ಒರೆಸಿ ಎಣ್ಣೆ ಸವರಿ ಹೂವು ಹಾಕಿದ ಯಂತ್ರಗಳ ನಡುವೆ ಮದುವೆಮನೆಯಂತೆ ಓಡಾಡುತ್ತಿದ್ದೆವು. ಭಾರ ಎತ್ತುವ ಕ್ರೇನಿನ ಬ್ರೇಕಿಗೆ ಮಾತ್ರ ಅಪ್ಪ ಸುತ್ತಲೂ ದಾರ ಕಟ್ಟಿ, ಯಾರೂ ಹತ್ತಿರ ಹೋಗದ ಹಾಗೆ ನಿಂತುಕೊಳ್ಳುತ್ತಿದ್ದರು. ಒಮ್ಮೆ ನಾನು ಕುಂಕುಮದ ಬಟ್ಟಲು ಹಿಡಿದು ಹೋದಾಗ ಕೈ ಹಿಡಿದು ಎಳೆದರು. "ದೂರದಿಂದ ಕೈ ಮುಗಿ ಸಾಕು. ಅದು ಒಣಗಿದ್ರೇನೇ ಹಿಡಿಯೋದು ಕಣಮ್ಮ. ಒಂದು ತೊಟ್ಟು ಎಣ್ಣೆ ಬಿದ್ರೆ ಕೆಳಗಿರೋರು ಸತ್ರು ಅಂತಾನೇ."

ಹಾಗೆ ಹೇಳಿದವರ ಮಗಳು ನಾನು. ಭೌತಶಾಸ್ತ್ರದಲ್ಲಿ ಪದವಿ ಮಾಡಿದ್ದೇನೆ. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ವರ್ಷ ಹೊಸ ಮಕ್ಕಳ ಮುಂದೆ ಮರದ ತುಂಡನ್ನು ಒಣ ಗಾಜಿನ ಮೇಲೆ, ಎಣ್ಣೆ ಹಚ್ಚಿದ ಗಾಜಿನ ಮೇಲೆ ಜಾರಿಸಿ ಘರ್ಷಣೆ ಎಂದರೆ ಏನೆಂದು ತೋರಿಸುವವಳು ನಾನೇ.

ಆಚೆ ದಡದ ಕಂಬದ ಹತ್ತಿರ ಉಕ್ಕಿನ ಹಗ್ಗ ಬಿಸಿಲಿಗೆ ಮಿಂಚುತ್ತಿತ್ತು. ಅಲ್ಲಿನ ಸಣ್ಣ ಮಂಚಿಕೆಯ ಮೇಲೆ ನಿಂತು ಕೈಗೆ ಎಟುಕುವಷ್ಟು ದೂರ, ಕೋಲಿಗೆ ಬಟ್ಟೆ ಸುತ್ತಿ ಇನ್ನಷ್ಟು ದೂರ, ಎಣ್ಣೆ ಸವರಿದ್ದರು. ರಬ್ಬರಿನ ದಿಮ್ಮಿಯೂ ಕಪ್ಪಗೆ ಹೊಳೆಯುತ್ತಿತ್ತು, ಅದರ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ. ಬ್ರೇಕಿನ ಹಗ್ಗ ಹಿಡಿದಿದ್ದವನು ನಡುವಯಸ್ಸಿನ ಮನುಷ್ಯ. ನಾನು ಫೋನು ಎತ್ತಿ ಚಾಲೂ ಮಾಡಿದೆ.

ವಿಡಿಯೋ ಶುರುವಾಗುವುದು ಅಲ್ಲಿಂದ. ಮೊದಲು ಹೊಳೆಯುವ ಹಗ್ಗ, ಹೊಳೆಯುವ ದಿಮ್ಮಿ, ಹೂವು. ನನ್ನ ದನಿ ಕೇಳಿಸುತ್ತದೆ:

"ಇದಕ್ಕೂ ಎಣ್ಣೆ ಹಾಕ್ಬಿಟ್ಟಿದೀರಾ?"

"ಹಬ್ಬಕ್ಕೆ ಮೇಡಂ! ಎಲ್ಲಾ ತೊಳ್ದು ಒರ್ಸಿ ಹಾಕಿವಿ. ಎಂಗೆ ಮಿಂಚ್ತಾ ಅದೆ ನೋಡಿ."

ಆಮೇಲೆ ನಾನು ನಗುತ್ತೇನೆ. ನಕ್ಕು ಹೇಳುತ್ತೇನೆ: "ನಮ್ಮಪ್ಪ ಇದ್ದಿದ್ರೆ ನಿಮಗೆಲ್ಲ ಒದೀತಿದ್ರು."

ಅವನೂ ನಗುತ್ತಾನೆ. ಫೋನು ಮೇಲಕ್ಕೆ ತಿರುಗುತ್ತದೆ. ದೂರದಲ್ಲಿ ಗುಡ್ಡದ ಮೇಲೆ ಹಸಿರು ಬಾವುಟ, ಅದರ ಪಕ್ಕ ಹಳದಿ ಹೆಲ್ಮೆಟ್ಟಿನ ಅಕ್ಕ. ಬಾವುಟ ಇಳಿಯುತ್ತದೆ. ಅವಳು ಹೊರಡುತ್ತಾಳೆ. ಕಿರುಚುವುದಿಲ್ಲ. ಹಾಡಿನಂಥದ್ದೇನೋ, ಒಂದೇ ಸ್ವರದ ಉದ್ದನೆಯ ದನಿ ತೆಗೆಯುತ್ತಾಳೆ. ಬಾಯಿ ತೆರೆದಿದೆ, ನಗುತ್ತಿದ್ದಾಳೆ, ಮುಖ ಸರಿಯಾಗಿ ಬಂದಿದೆ. ಹತ್ತಿರ ಬಂದಾಗ, ಹೇಳಿಕೊಟ್ಟ ಹಾಗೆ, ಎರಡೂ ಕಾಲು ಮುಂದಕ್ಕೆ ಎತ್ತುತ್ತಾಳೆ. ರಾಟೆ ದಿಮ್ಮಿಗೆ ತಾಗಿದ ಸದ್ದು. ದಿಮ್ಮಿ ಎಲ್ಲೂ ತಡೆಯದೆ ಅವಳ ಜೊತೆಗೇ ಓಡಿಬರುತ್ತದೆ. ಆಳಿನ ಕೈಯಿಂದ ಹಗ್ಗ ಜಾರುತ್ತದೆ. ಒಂದು ಸೆಕೆಂಡು ಅವಳ ಮುಖದಲ್ಲಿ ನಗು ಹಾಗೇ ಇದೆ, ಕಣ್ಣು ಮಾತ್ರ ಬದಲಾಗಿವೆ. ಆಮೇಲೆ ಟೈರು, ಟೈರಿನ ಹಿಂದಿನ ಕಂಬ, ಆಮೇಲೆ ನೆಲ, ನನ್ನ ಚಪ್ಪಲಿ, ಆಕಾಶ.

ಸಿದ್ಧಾರ್ಥನಗರದ ನನ್ನ ಮನೆಯಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಕಣ್ಣ ಮುಂದೆ ಇದೇ ನಡೆಯುತ್ತದೆ. ಚಪಾತಿ ಹಿಟ್ಟು ಕಲಸುವಾಗ, ಕೈ ಜಿಡ್ಡಾದ ಕೂಡಲೇ, ಇದೇ ನಡೆಯುತ್ತದೆ. ನನಗೆ ವಿಡಿಯೋ ನೋಡಬೇಕಾಗಿಲ್ಲ.

ಕಂಬದ ಬುಡದಲ್ಲಿ ನಾನು ಅವಳ ತಲೆ ಹಿಡಿದು ಕೂತಿದ್ದೆ. ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಅವಳು ಆಡಿದ ಮೊದಲ ಮಾತು: "ಕಾಲು ಎತ್ತಿದ್ದೆ ಕಣೇ. ಅವ್ರು ಹೇಳ್ದಂಗೇ ಎತ್ತಿದ್ದೆ."

ಯಜಮಾನ ಪಂಚೆ ಎತ್ತಿಕೊಂಡು ಗುಡ್ಡದಿಂದ ಓಡಿಬಂದ. ಅವನು ಅಕ್ಕನನ್ನು ನೋಡಿದ. ಆಮೇಲೆ ಹಗ್ಗವನ್ನು ನೋಡಿದ. ಅವನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ನಾನು ಅವನ ಮುಖದಲ್ಲಿ ಅದನ್ನು ಕಂಡೆ. ಅವನು ಕೂಗಿದ್ದು ಆಂಬುಲೆನ್ಸಿಗಲ್ಲ.

"ಮೊದ್ಲು ಅದನ್ನ ಒರ್ಸ್ರೋ! ಸೀಮೆಎಣ್ಣೆ ಹಾಕಿ ಒರ್ಸಿ!"

ನನ್ನ ಅಕ್ಕ ನೆಲದ ಮೇಲೆ ಬಿದ್ದಿರುವಾಗ, ಅವಳ ತಲೆಯ ಮೇಲೆ, ಇಬ್ಬರು ಕೋಲಿಗೆ ಬಟ್ಟೆ ಸುತ್ತಿ ಹಗ್ಗ ಒರೆಸುತ್ತಿದ್ದರು. ಸೀಮೆಎಣ್ಣೆಯ ಹನಿ ಅವಳ ದುಪಟ್ಟಾದ ಮೇಲೆ ಬಿತ್ತು. ಆಂಬುಲೆನ್ಸಿಗೆ ಫೋನು ಮಾಡಿದ್ದು ಸಾಲಿನಲ್ಲಿದ್ದ ಕಾಲೇಜು ಹುಡುಗರಲ್ಲೊಬ್ಬ. ಅದು ಬಂದದ್ದೂ ತಡ, ಊರೊಳಗೆ ಹೊಕ್ಕದ್ದು ಇನ್ನೂ ತಡ. ಮೆರವಣಿಗೆಗೆ ಬ್ಯಾರಿಕೇಡು ಹಾಕಿದ್ದರು. ಯಾವ ರಸ್ತೆಗೆ ಹೋದರೂ ಜನ ಚಾಪೆ ಹಾಸಿಕೊಂಡು ಆನೆಗೆ ಕಾಯುತ್ತ ಕೂತಿದ್ದರು. ಅಕ್ಕ ಒಂದೂವರೆ ಗಂಟೆ ನನ್ನ ಬೆರಳು ಹಿಡಿದುಕೊಂಡಿದ್ದಳು. ಕಿಟಕಿಯಾಚೆ ಬಲೂನು ಮಾರುತ್ತಿದ್ದರು.

ಮರುದಿನ ಪೊಲೀಸ್ ಠಾಣೆಯಿಂದ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಬಂದರು. ಆಪರೇಷನ್ ಮುಗಿದ ಅಕ್ಕ ಔಷಧಿಯ ಮಂಪರಿನಲ್ಲಿದ್ದಳು. ಸಬ್‌ಇನ್‌ಸ್ಪೆಕ್ಟರ್ ಮೂರು ದಿನ ಬಿಟ್ಟು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಹೇಳಿಕೆ ತೆಗೆದುಕೊಳ್ಳುವುದಾಗಿ ಹೇಳಿ ಹೋದರು. "ನೀವೇ ಅಲ್ವಾ ಜೊತೇಲಿದ್ದೋರು? ಏನಾದ್ರೂ ಗೊತ್ತಾ?" ಎಂದು ನನ್ನನ್ನು ಕೇಳಿದರು. "ಎಲ್ಲಾ ಒಂದೇ ಸಲಕ್ಕೆ ಆಗೋಯ್ತು" ಎಂದೆ. ಮೂರನೆಯ ದಿನ ಆ ಜಿಪ್‌ಲೈನ್ ಮತ್ತೆ ಶುರುವಾಯಿತು. ಸೀಸನ್ ಅಲ್ಲವೇ. ನನ್ನ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ತೂಗಾಡುತ್ತಿರುವ ತನ್ನ ಫೋಟೋ ಸ್ಟೇಟಸ್ಸಿಗೆ ಹಾಕಿದ್ದಳು. ಅವಳ ಹಿಂದೆ ಕಂಬ, ಹೊಸ ಟೈರುಗಳು.

ನಾಲ್ಕನೆಯ ದಿನ ಯಜಮಾನ ಹಣ್ಣಿನ ಬುಟ್ಟಿ, ಬೆಟ್ಟದ ದೇವಿಯ ಪ್ರಸಾದ ಹಿಡಿದು ಆಸ್ಪತ್ರೆಗೆ ಬಂದ. ಅಕ್ಕನ ಹಣೆಗೆ ಕುಂಕುಮ ಹಚ್ಚಲು ಹೋದ, ಅವಳು ಮುಖ ತಿರುಗಿಸಿದಳು.

"ತಾಯಿ ಕಾಪಾಡುದ್ಲು ಬುಡಿ ಸಾರ್" ಎಂದ ಭಾವನಿಗೆ. "ಅಷ್ಟು ಸ್ಪೀಡಲ್ಲಿ ಬಂದ್ರೂ ಜೀವಕ್ಕೇನೂ ಆಗ್ಲಿಲ್ಲ. ನಾವು ಹಿಂದಿನ ದಿನ ಮನಸಾರೆ ಪೂಜೆ ಮಾಡಿದ್ದೇ ಕಾಯ್ತು."

"ಅಷ್ಟು ಸ್ಪೀಡಲ್ಲಿ ಯಾಕೆ ಬಂದ್ಲು?" ಎಂದು ನಾನು ಕೇಳಿದೆ.

"ಅದೇ ಮೇಡಂ, ಗಾಬ್ರಿ. ಹೆಂಗಸ್ರು, ವಯಸ್ಸು ಬೇರೆ. ಕಾಲು ಎತ್ತಿ ಅಂದ್ರೆ ಎತ್ತಲ್ಲ, ಮೈಯೆಲ್ಲ ಬಿಗಿ ಮಾಡ್ಕೊಂಡು ಬುಡ್ತಾರೆ."

ಅವನು ತಂದದ್ದು ಬರೀ ಪ್ರಸಾದವಲ್ಲ. ಅಕ್ಕನೇ ಹೇಳಿದಂತೆ ಒಂದು ಹಾಳೆ ಟೈಪು ಮಾಡಿಸಿ ತಂದಿದ್ದ: ನಾನು ಸ್ವಂತ ಇಚ್ಛೆಯಿಂದ ಭಾಗವಹಿಸಿ, ಸಿಬ್ಬಂದಿಯ ಸೂಚನೆಗಳನ್ನು ಪಾಲಿಸದೆ, ಗಾಬರಿಯಿಂದ ಬಿದ್ದು ಗಾಯಗೊಂಡಿರುತ್ತೇನೆ. ಕೆಳಗೆ ಅಕ್ಕನ ಸಹಿಗೆ ಜಾಗ. ಪೊಲೀಸರು ಬಂದಾಗ ಇದನ್ನು ಕೊಟ್ಟುಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎಂದ. ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತೇನೆಂದು ಹೇಳಿ, ಹೋಗುವಾಗ ಎಲ್ಲರಿಗೂ ಕೈ ಮುಗಿದ.

ಭಾವ ಹಾಳೆಯನ್ನು ಎರಡು ಸಲ ಓದಿದರು. "ಸೈನ್ ಹಾಕ್ಬಿಡು. ಸ್ಟೇಷನ್ನು, ಕೋರ್ಟು ಅಂತ ಯಾರು ಅಲೀತಾರೆ? ಪೂಜೆ ಮಾಡಿ ಶುರು ಮಾಡಿದೋರ ಮೇಲೆ ಕೇಸು ಬರ್ಸಕ್ಕಾಗುತ್ತಾ? ನಾಳೆ ಸ್ಕೂಲಲ್ಲಿ ಏನಂತಾರೆ?"

"ಸೈನ್ ಹಾಕಿದ್ರೆ, ಗಾಬರಿ ಆದ್ಲು ಅಂತಾರೆ" ಎಂದಳು ಅಕ್ಕ.

"ಆಗಿರ್ಬಹುದಲ್ಲ? ಅದರಲ್ಲೇನಿದೆ ಅವಮಾನ?"

ಅಕ್ಕ ಹಾಳೆಯನ್ನು ಭಾವನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. "ನಾನು ಕಾಲು ಎತ್ತಿದ್ನಾ? ನೀನು ನೋಡ್ತಿದ್ದೆ ತಾನೆ. ಎತ್ತಿದ್ದೆ ಅಂತ್ಲೇ ನನಗನ್ಸೋದು. ಆದ್ರೆ ಎಲ್ರೂ ಹೇಳ್ತಾ ಹೇಳ್ತಾ, ಈಗ ಎತ್ತಿಲ್ವೇನೋ ಅನ್ಸುತ್ತೆ."

"ಎತ್ತಿದ್ದೆ."

"ಖಂಡಿತಾ?"

"ಖಂಡಿತಾ."

"ಮತ್ತೆ ಯಾಕೆ ನಿಲ್ಲಲಿಲ್ಲ?"

ನಾನು ಫ್ಲಾಸ್ಕು ತೊಳೆಯಲು ಎದ್ದುಹೋದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಆ ಯಜಮಾನ ಸೀಮೆಎಣ್ಣೆ ಹಾಕಿ ಒರೆಸಿದ್ದನ್ನು ನಾನು ನಾಲ್ಕು ದಿನ ಮೌನ ಹಾಕಿ ಒರೆಸುತ್ತಿದ್ದೆ. ವಿಡಿಯೋದ ಮೊದಲ ಭಾಗ ಕತ್ತರಿಸಿ, ಅವಳು ಕಾಲೆತ್ತಿದ್ದನ್ನಷ್ಟೇ ತೋರಿಸಿದರಾಗದೇ ಎಂದೂ ಲೆಕ್ಕ ಹಾಕಿದ್ದೆ. ಆಗ ಅವಳು ಕಾಲೆತ್ತಿದ್ದು ಕಾಣುತ್ತದೆ, ಎಣ್ಣೆ ಕಾಣುವುದಿಲ್ಲ. ದನಿ ಅಳಿಸಿ ಕೊಟ್ಟರೆ, ಎಣ್ಣೆ ಹಾಕಿದ್ದೇವೆಂದು ಬ್ರೇಕಿನ ಆಳೇ ಒಪ್ಪಿಕೊಂಡದ್ದೂ ಹೋಗುತ್ತದೆ. ಹೊಳೆಯುವ ಹಗ್ಗ ಯಾವುದೋ ಬಿಸಿಲಿನ ಹೊಳಪು ಎನ್ನುತ್ತಾರೆ. ಅವನ ಮಾತು ಬೇಕೆಂದರೆ ನನ್ನ ನಗುವೂ ಬರಲೇಬೇಕು.

ಐದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಹಾಳೆ ಮಡಿಲಲ್ಲಿತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು. ಭಾವ ಇಡ್ಲಿ ತರಲು ಕ್ಯಾಂಟೀನಿಗೆ ಹೋಗಿದ್ದರು.

"ಹಾಕ್ಬಿಡ್ತೀನಿ ಕಣೇ" ಎಂದಳು. "ಸಾಕಾಗಿದೆ. ಗಾಬರಿನೇ ಆಗಿತ್ತು ಅಂತಿಟ್ಕೊ. ಐವತ್ನಾಲ್ಕು ವರ್ಷಕ್ಕೆ ಕುಣಿಯಕ್ಕೆ ಹೋದೆ, ಬಿದ್ದೆ."

ನಾನು ಫೋನು ತೆಗೆದು ಅವಳ ಕೈಗೆ ಕೊಟ್ಟೆ. ಬಾಯಿ ತೆರೆದಿದ್ದರೆ ನೆಪವನ್ನೇ ಹೇಳುತ್ತಿದ್ದೆ.

ಅವಳು ನೋಡಿದಳು. ನನ್ನ ನಗು ಆ ಸಣ್ಣ ಕೋಣೆಯಲ್ಲಿ ಕೇಳಿಸಿತು. ಅಪ್ಪನ ಮಾತು ಬಂದಾಗ ಅಕ್ಕನ ಹುಬ್ಬು ಗಂಟಿಕ್ಕಿತು. ಕೊನೆಯ ಸದ್ದಿಗೆ ಅವಳ ಒಳ್ಳೆಯ ಕಾಲು ತಾನಾಗಿ ಅದುರಿತು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿದಳು. ಈ ಸಲ ಅವಳ ಕಣ್ಣು ಕೆಳಗೆ ಓಡುವ ಅಂಕಿಗಳ ಮೇಲಿತ್ತು.

"ಎತ್ತಿದೀನಿ. ಎರಡೂ ಕಾಲು ಎತ್ತಿದೀನಿ" ಎಂದಳು ಮೊದಲು. ದನಿಯಲ್ಲಿ ಏನೋ ವಾಪಸು ಬಂದಿತ್ತು. ಆಮೇಲೆ ಅಂದಳು: "ನೀನು ನಕ್ಕ ಮೇಲೆ ಬಾವುಟ ಇಳಿಯೋಕೆ ಒಂಬತ್ತು ಸೆಕೆಂಡ್ ಇದೆ."

"ಹೂಂ."

"ಒಂಬತ್ತು ಸೆಕೆಂಡಲ್ಲಿ ಎಷ್ಟು ಸಲ ಕೂಗ್ಬೋದಿತ್ತು ನೀನು? ನಿಲ್ಸಿ ಅಂತ. ಒಂದೇ ಮಾತು."

ನಾನು ಮಂಚದ ಕಂಬಿ ಹಿಡಿದುಕೊಂಡೆ.

"ಗೊತ್ತಿತ್ತು ನಿನಗೆ. ನನಗಾದ್ರೆ ಮೇಲೆ ಕಾಣ್ತಿರ್ಲಿಲ್ಲ. ನಿನ್ನ ಮೂಗಿನ ಮುಂದೆ ಇತ್ತು. ಅಪ್ಪ ಅಷ್ಟು ಬಡ್ಕೊಂಡಿದ್ರು. ನಗ್ತೀಯಲ್ಲೇ!"

"ಹಬ್ಬದ ಹೊತ್ತಲ್ಲಿ ಏನಾದ್ರೂ ಅಂದ್ರೆ ಅಪಶಕುನ ಆಡ್ದಂಗೆ ಆಗುತ್ತೇನೋ ಅಂತ..." ಎಂದೆ. ಅದು ನಿಜವೇ ಆಗಿತ್ತು. ಆ ಕ್ಷಣ ಅಪ್ಪನ ಮಾತು ಗಂಟಲಿಗೆ ಬಂದಿತ್ತು. ಬಾಳೆಕಂದು, ಹೂವು, ಚಪ್ಪಾಳೆ, ಮುತ್ತೈದೆ, ಬೋಣಿ ಇವೆಲ್ಲದರ ನಡುವೆ ಬ್ರೇಕು ಹಿಡಿಯುವುದಿಲ್ಲ ಎಂದು ಕೂಗುವುದು ಅಮಂಗಳವೆನಿಸಿ ಅದನ್ನು ತಮಾಷೆ ಮಾಡಿ ಹೊರಗೆ ಬಿಟ್ಟೆ. ಆ ಯಜಮಾನ ಮೂಟೆ ಬಿಡದೆ ಇದ್ದದ್ದೂ ಅದೇ ಕಾರಣಕ್ಕೆ. ಅವನೂ ನಾನೂ ಒಂದೇ ಊರಿನವರು.

"ಅಪಶಕುನ" ಎಂದಳು ಅಕ್ಕ. ಹಾಳೆಯನ್ನು ಹರಿಯಲಿಲ್ಲ. ಹಿಂದಿನ ಖಾಲಿ ಬದಿ ತಿರುಗಿಸಿ ಏನೋ ಬರೆಯತೊಡಗಿದಳು.

ಭಾವ ಇಡ್ಲಿ ಹಿಡಿದು ಬಂದಾಗ ಅವರಿಗೂ ವಿಡಿಯೋ ತೋರಿಸಿದೆ. ಅವರು ಪೂರ್ತಿ ನೋಡಲಾರದೆ ಮಧ್ಯದಲ್ಲೇ ಫೋನು ಹಾಸಿಗೆಯ ಮೇಲಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಹತ್ತೂವರೆಗೆ ಯಜಮಾನ ಹಾಳೆಗಾಗಿ ಬಂದಾಗ ಬಾಗಿಲಲ್ಲೇ ತಡೆದವರು ಅವರೇ. "ಹೋಗ್ರೀ ಆಚೆ" ಎಂದರು. ಅವರು ಯಾರಿಗಾದರೂ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹನ್ನೊಂದಕ್ಕೆ ಸಬ್‌ಇನ್‌ಸ್ಪೆಕ್ಟರ್ ಬಂದರು. ಅಕ್ಕ ತಾನು ಬರೆದದ್ದನ್ನು ಓದಿದಳು. ಮೂಟೆ ಬಿಡದೆ ತನ್ನನ್ನು ಮೊದಲು ಕಳಿಸಿದ್ದು, ಹೇಳಿದಂತೆ ಕಾಲೆತ್ತಿದ್ದು, ಬ್ರೇಕು ಹಿಡಿಯದೆ ಇದ್ದದ್ದು, ತನ್ನ ತಲೆಯ ಮೇಲೆ ಹಗ್ಗ ಒರೆಸಿದ್ದು. "ಬ್ರೇಕಿಗೆ ಎಣ್ಣೆ ಹಚ್ಚಿದ್ದನ್ನು ನಾನು ನೋಡಿಲ್ಲ. ನೋಡಿದವಳು ನನ್ನ ತಂಗಿ. ಅವಳು ಹೇಳ್ತಾಳೆ" ಎಂದು ನನ್ನ ಕಡೆ ನೋಡದೆ ಹೇಳಿದಳು.

ಆಕೆ ವಿಡಿಯೋ ನೋಡಿ ತಲೆ ಎತ್ತಿದರು. "ಇದು ನಿಮ್ಮ ದನಿನಾ?"

"ನಂದೇ."

"ಅಂದ್ರೆ ಮೊದಲೇ ನೋಡಿದ್ರಿ."

"ನೋಡಿದ್ದೆ."

"ಅದರಿಂದ ಏನಾಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅದನ್ನೇ ಕಾಲೇಜಲ್ಲಿ ಹೇಳಿಕೊಡ್ತೀನಿ."

"ಆದ್ರೂ ನಿಲ್ಸಿ ಅನ್ನಲಿಲ್ಲ."

"ಇಲ್ಲ."

ಆಕೆ ಪೆನ್ನು ಕೈಗೆತ್ತಿಕೊಂಡರು. "ನೋಡಿ, ನೀವು ಹೇಳಿದ್ದು ಹೇಳಿದ ಹಾಗೇ ಬರೀತೀನಿ. ಆ ಕಡೆ ವಕೀಲರು ನಾಳೆ ಇದನ್ನೇ ಹಿಡ್ಕೊಂಡು ನಿಮ್ಮನ್ನ ಕೆದಕ್ತಾರೆ. ತಂಗಿಗೇ ಅಪಾಯ ಅನ್ನಿಸ್ಲಿಲ್ಲ, ನಮಗೆಂಗೆ ಅನ್ನಿಸ್ಬೇಕು ಅಂತಾರೆ."

"ಅನ್ಲಿ. ಬರ್ಕೊಳ್ಳಿ."

ಬರೆದುಕೊಂಡರು. ಓದಿ ಹೇಳಿದರು. ಸಹಿ ಹಾಕಿದೆ. ಆ ಸಂಜೆಯೇ ಜಿಪ್‌ಲೈನ್ ನಿಲ್ಲಿಸಿ, ದಿಮ್ಮಿಯನ್ನು, ಹಗ್ಗದ ಕೊನೆಯ ತುಂಡನ್ನು ಪರೀಕ್ಷೆಗೆ ತೆಗೆದುಕೊಂಡು ಹೋದರೆಂದು ಆಮೇಲೆ ತಿಳಿಯಿತು. ಮುಂದಿನದು ಏನಾಗುತ್ತದೋ ಗೊತ್ತಿಲ್ಲ. ನನ್ನ ಸಿಟ್ಟಿಗೆ ಅಷ್ಟು ಸಾಲದು.

ಆಕೆಯನ್ನು ಕಳಿಸಿಬರಲು ಭಾವ ಹೊರಟ ಮೇಲೆ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಇಡ್ಲಿ ತಣ್ಣಗಾಗಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಹೇಳಿದಳು:

"ನಿನ್ ಮೇಲೆ ನನಗೆ ತುಂಬಾ ಕೋಪ ಇದೆ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಸಮಾಧಾನ ಮಾಡಕ್ಕೆ ಬರ್ಬೇಡ."

"ಬರಲ್ಲ."

"ದಿಂಬು ಸ್ವಲ್ಪ ಮೇಲೆ ಮಾಡು. ಪಕ್ಕೆ ನೋಯ್ತಿದೆ."

ಅವಳ ಬೆನ್ನಿನ ಹಿಂದೆ ಕೈ ಹಾಕಿ ಎತ್ತಿದೆ. ಅವಳು ನನ್ನ ತೋಳಿಗೆ ಭಾರ ಬಿಡದೆ, ಹಲ್ಲು ಕಚ್ಚಿ, ಮಂಚದ ಕಂಬಿ ಹಿಡಿದು ತಾನೇ ಮೇಲಕ್ಕೆ ಸರಿದಳು.